ಫ್ಲೈ ಫಿಶಿಂಗ್‌ನ ಫ್ಲೋಟಿಂಗ್ (ತೇಲುವ) ಲೈನಿನ ತುದಿ ಮುಳುಗುತ್ತಿದೆ, ಒಂದು ವಾರದ ಟ್ರೌಟ್ ಮೀನಿನ ಪ್ರವಾಸ ಹಾಳಾಯ್ತು. ಯಾರಾದರೂ ಹೇಳಿ

ತೀರ್ಥಹಳ್ಳಿ_ಗಾಳ
ನಿನ್ನೆ ಕಾಶ್ಮೀರದಿಂದ ಬಂದೆ. ಮೊದಲು ಲಿಡ್ಡರ್ ಹೊಳೆ, ಆಮೇಲೆ ನಾರಾನಾಗ್‌ನಿಂದ ಹತ್ತಿ ನುಂದ್‌ಕೋಲ್, ಗಂಗಾಬಲ್ ಸರೋವರ. ಎರಡು ವರ್ಷ ದುಡ್ಡು ಕೂಡಿಟ್ಟು, ಪರ್ಮಿಟ್ ಮಾಡಿಸಿ ಹೋಗಿದ್ದು. ಏಳು ದಿನಕ್ಕೆ ಸಿಕ್ಕಿದ್ದು ಎರಡೇ ಟ್ರೌಟ್. ತೇಲಬೇಕಾದ ಲೈನಿನ ತುದಿ ಮುಳುಗುತ್ತೆ, ಡ್ರೈ ಫ್ಲೈಯನ್ನೂ (ನೀರಿನ ಮೇಲೆ ತೇಲುವ, ಹುಳದಂಥ ಗಾಳ) ಒಳಗೆ ಎಳೆಯುತ್ತೆ. ಎಸೆದರೆ ದೂರ ಹೋಗಲ್ಲ, ರಾಡಿನ ಬಳೆಗಳಲ್ಲಿ ಹಿಡಿಯುತ್ತೆ. ಗಂಗಾಬಲ್‌ನಲ್ಲಿ ಸಂಜೆ ಮೀನು ಮೇಲೆ ಬಂದು ಹುಳ ತಿನ್ನುತ್ತಿದ್ದವು, ನಾನು ನೋಡುತ್ತಾ ನಿಂತಿದ್ದೆ. ಲೈನ್ ಹೊಸದು. ಯಾಕೆ ಹೀಗೆ?

ಕೊಪ್ಪದ_ಕಾಫಿ
ರಾಡ್ ಎಷ್ಟು ವೇಟ್ (ತೂಕದ ನಂಬರ್), ಲೈನ್ ಎಷ್ಟು, ಲೀಡರ್ (ಲೈನಿನ ತುದಿಗೆ ಕಟ್ಟುವ ತೆಳು ದಾರ) ಎಷ್ಟುದ್ದ? ಒಂದೂ ಹೇಳಿಲ್ಲವಲ್ಲ ಮಾರಾಯ್ರೆ.

ತೀರ್ಥಹಳ್ಳಿ_ಗಾಳ
ರಾಡ್ 9 ಅಡಿ, 5 ವೇಟ್. ಲೈನೂ 5, ಫ್ಲೋಟಿಂಗ್. ಲೀಡರ್ 9 ಅಡಿ, ದಪ್ಪ 5ಎಕ್ಸ್. ಎಲ್ಲರೂ ಇಟ್ಟುಕೊಳ್ಳುವುದೇ.

ಭದ್ರಾ_ತೀರ
ಗೊತ್ತಾಯ್ತು. ನೀವು ಬಿಸಿ ಸೀಮೆಯ ಲೈನ್ ಒಯ್ದಿದ್ದೀರಿ. ಅದರ ಕೋಟಿಂಗ್ ಗಟ್ಟಿ. ತಣ್ಣೀರಿಗೆ ಬಿದ್ದರೆ ಬಿರುಸಾಗಿ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತುತ್ತೆ.

ತೀರ್ಥಹಳ್ಳಿ_ಗಾಳ
ಸುರುಳಿ ಆಗ್ತಿಲ್ಲ ಸರ್. ಡಬ್ಬದ ಮೇಲೆ ತಣ್ಣೀರಿಗೆ ಅಂತಲೇ ಇತ್ತು.

ಭದ್ರಾ_ತೀರ
ಡಬ್ಬ ಬದಲಾಗಿರಬಹುದು. ಒಂದು ಗಂಟೆ ಫ್ರಿಜ್‌ನಲ್ಲಿಟ್ಟು ನೋಡಿ.

ಸಾಗರ_ಕೆರೆಏರಿ
6 ವೇಟ್ ಲೈನ್ ಹಾಕಿ. ಮೊದಲ 30 ಅಡಿ ತೂಕ 5ಕ್ಕೆ 140 ಗ್ರೇನ್, 6ಕ್ಕೆ 160. ರಾಡ್ ಚೆನ್ನಾಗಿ ಬಾಗುತ್ತೆ, ದೂರ ಹೋಗುತ್ತೆ.

ಕೊಪ್ಪದ_ಕಾಫಿ
ಅವರು ಕೇಳಿದ್ದು ಮುಳುಗುವುದರ ಬಗ್ಗೆ! ತೇಲಿಸುವುದು ಕೋಟಿಂಗ್ ಒಳಗಿರುವ ಸಣ್ಣ ಗಾಳಿಗುಳ್ಳೆಗಳು. 6 ವೇಟ್ ಹಾಕಿದರೆ ಆ ತುದಿ ಹೇಗೆ ಸರಿಯಾಗುತ್ತೆ?

ಸಾಗರ_ಕೆರೆಏರಿ
ದೂರ ಹೋಗಲ್ಲ ಅಂತಲೂ ಬರೆದಿದ್ದಾರೆ, ಪೂರ್ತಿ ಓದಿ.

ಹಳೇ_ಬಿದಿರು
ಕಾಶ್ಮೀರದಷ್ಟು ದೂರ ಹೋಗುವುದೇ ಬೇಡ. ನನ್ನ ಹತ್ತಿರ ಸೀಳು ಬಿದಿರಿನ ರಾಡ್ ಇದೆ, 7 ಅಡಿ, ರೇಷ್ಮೆ ಲೈನ್. ದಿನಾ ಒರೆಸಿ, ಒಣಗಿಸಿ, ಗ್ರೀಸ್ ಹಚ್ಚುತ್ತೇನೆ. ಒಂದು ದಿನವೂ ಮುಳುಗಿಲ್ಲ. ಮಹಶೀರ್ ನಮ್ಮ ತುಂಗೆಯಲ್ಲೇ ಇದೆಯಲ್ಲ?

ಕೊಪ್ಪದ_ಕಾಫಿ
ಶೃಂಗೇರಿಯಲ್ಲಿ, ಚಿಪ್ಪಲಗುದ್ದೆಯಲ್ಲಿ ಗಾಳ ಹಾಕುವ ಹಾಗಿಲ್ಲ, ಗೊತ್ತಲ್ವಾ? ಆ ಮೀನುಗಳನ್ನು ಹಾಗೇ ಬಿಡಬೇಕು. ಟ್ರೌಟ್ ಬೇಕು ಅನ್ನುವವರು ಚಳಿ ನೀರಿಗೇ ಹೋಗಬೇಕು.

ಹಳೇ_ಬಿದಿರು
ಅಲ್ಲಿ ಹಾಕು ಅಂತ ನಾನೆಲ್ಲಿ ಹೇಳಿದೆ? ರಾಡಿನ ಫೋಟೋ ಸಂಜೆ ಹಾಕುತ್ತೇನೆ.

ಹೊಸನಗರದ_ಮಳೆ
ಮೂಲ ಪ್ರಶ್ನೆಗೆ ಬರೋಣ. ತುದಿಯಿಂದ ಲೈನನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಏನನ್ನಿಸುತ್ತೆ? ಹೋಗುವ ಮೊದಲು ಎಲ್ಲಿ ಅಭ್ಯಾಸ ಮಾಡಿದ್ರಿ?

ತೀರ್ಥಹಳ್ಳಿ_ಗಾಳ
ಮೊದಲ ಹದಿನೈದು ಅಡಿ ಅಂಟಂಟು, ಹಲಸಿನ ಮೇಣ ಹತ್ತಿದ ಹಾಗೆ. ಬೆರಳಿಗೆ ಹಸಿರು ಬಣ್ಣ ಬಂತು. ಬೆಳಕಿಗೆ ಹಿಡಿದರೆ ಒಣಗಿದ ಗದ್ದೆಯ ಹಾಗೆ ಕೂದಲೆಳೆ ಬಿರುಕು. ಮುಂದೆ ನುಣುಪಾಗಿದೆ. ಜುಲೈ ಪೂರ್ತಿ ನಮ್ಮ ತೋಟದ ಕೆರೆಯಲ್ಲೇ ಎಸೆದದ್ದು.

ಹೊಸನಗರದ_ಮಳೆ
ಜುಲೈನಲ್ಲಿ ತೋಟದ ಕೆರೆ! ಇಂಬಳಕ್ಕೆ ಏನು ಹಚ್ಚುತ್ತಿದ್ರಿ?

ತೀರ್ಥಹಳ್ಳಿ_ಗಾಳ
ಸ್ಪ್ರೇ. ಕಾಲಿಗೆ ಕೈಯಲ್ಲೇ ಸವರಿಕೊಳ್ಳುತ್ತಿದ್ದೆ. ಬಾಟಲಿ ಮೇಲೆ ಡೀಟ್ ಅಂತ ಇದೆ. ಅದಕ್ಕೂ ಇದಕ್ಕೂ ಏನು?

ಹೊಸನಗರದ_ಮಳೆ
ಅದೇ ಕಾರಣ. ಲೈನಿನ ಕೋಟಿಂಗ್ ಪಿವಿಸಿ. ಡೀಟ್ ಇಂಥ ಪ್ಲಾಸ್ಟಿಕ್ಕನ್ನು ಕರಗಿಸುತ್ತೆ. ಅದೇ ಕೈಯಲ್ಲಿ ಲೈನ್ ಹಿಡಿದಿದ್ದೀರಿ, ಕೋಟಿಂಗ್ ಮೆತ್ತಗಾಗಿ ಬಿರಿದಿದೆ. ಬಿರುಕಿನಲ್ಲಿ ನೀರು ಇಳಿದು ಮುಳುಗುತ್ತೆ, ಅಂಟಾಗಿ ಬಳೆಯಲ್ಲಿ ಹಿಡಿಯುತ್ತೆ. ನನ್ನದೂ ಒಂದು ಲೈನ್ ಹೀಗೇ ಹೋಯ್ತು. ಈಗ ಹೊಗೆಸೊಪ್ಪು, ಸುಣ್ಣ ಬಟ್ಟೆಯಲ್ಲಿ ಕಟ್ಟಿ ಕೋಲಿನಿಂದ ಮುಟ್ಟಿಸುತ್ತೇನೆ, ಕೈಗೆ ತಾಗಿಸಲ್ಲ.

ಭದ್ರಾ_ತೀರ
ಫ್ರಿಜ್ ಪರೀಕ್ಷೆ ಮಾತ್ರ ಮಾಡಿ ನೋಡಿ.

ತೀರ್ಥಹಳ್ಳಿ_ಗಾಳ
ಹದಿನೈದು ಅಡಿ ಕತ್ತರಿಸಿದರೆ ಸರಿ ಹೋಗುತ್ತಾ? ಡಬಲ್ ಟೇಪರ್ ಲೈನ್, 90 ಅಡಿ.

ಕೊಪ್ಪದ_ಕಾಫಿ
ಡಬಲ್ ಟೇಪರ್ ಅಂತ ಮೊದಲೇ ಹೇಳಬಾರದಿತ್ತಾ? ಎರಡು ತುದಿಯೂ ಒಂದೇ ಥರ. ರೀಲಿನಿಂದ ಪೂರ್ತಿ ಬಿಚ್ಚಿ, ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು, ತಿರುಗಿಸಿ ಸುತ್ತಿ. ಕೆಟ್ಟ ತುದಿ ಬ್ಯಾಕಿಂಗ್ (ರೀಲಿನ ತಳದಲ್ಲಿ ಸುತ್ತಿರುವ ದಾರ) ಕಡೆ ಹೋಗುತ್ತೆ. ವೇಟ್ ಫಾರ್ವರ್ಡ್ (ಮುಂದಿನ ಕಡೆ ಮಾತ್ರ ದಪ್ಪ ಇರುವ ಲೈನ್) ಆಗಿದ್ದರೆ ಬಿಸಾಡಬೇಕಿತ್ತು.

ತೀರ್ಥಹಳ್ಳಿ_ಗಾಳ
ತಿರುಗಿಸಿದೆ. ಕೈ ಎರಡು ಸಲ ತೊಳೆದು ಕೆರೆಗೆ ಹೋದೆ. ತುದಿ ತೇಲ್ತು! ಗಂಗಾಬಲ್ ದಂಡೆಯಲ್ಲೇ ಐದು ನಿಮಿಷ ಕೂತು ತಿರುಗಿಸಬಹುದಿತ್ತಲ್ಲ ಅಂತ ಹೊಟ್ಟೆ ಉರಿಯುತ್ತಿದೆ. ಎಲ್ಲರಿಗೂ ಥ್ಯಾಂಕ್ಸ್.

ಸಾಗರ_ಕೆರೆಏರಿ
ಶಿವಮೊಗ್ಗದಲ್ಲಿ 5ಎಕ್ಸ್ ಟಿಪ್ಪೆಟ್ (ಲೀಡರಿನ ತುದಿಯ ದಾರ) ಯಾವ ಅಂಗಡಿಯಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಾ?

ಹಳೇ_ಬಿದಿರು
ಫೋಟೋ ಹಾಕಿದ್ದೇನೆ. ಹಿಡಿಯ ಕಾರ್ಕ್ ನಾನೇ ಉಜ್ಜಿ ಕೂರಿಸಿದ್ದು.