ಸಹಾಯ ಬೇಕು: ಕಾಫಿ ಸಂಶೋಧಕರ ಆನ್‌ಲೈನ್ ಮಾಹಿತಿಕೋಶ

ಮಾನ್ಯರೇ,

ಕಾಫಿಯ ಕೀಟ ಮತ್ತು ರೋಗಗಳ ಕುರಿತು ಸಂಶೋಧನೆ ನಡೆಸುತ್ತಿರುವವರ ಆನ್‌ಲೈನ್ ಮಾಹಿತಿಕೋಶವೊಂದನ್ನು ಚಿಕ್ಕಮಗಳೂರಿನಲ್ಲಿ ನಾವು ಮೂವರು ಸಿದ್ಧಪಡಿಸುತ್ತಿದ್ದೇವೆ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಪ್ರಯೋಗ ಕೇಂದ್ರವು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದು ನಮ್ಮ ಜಿಲ್ಲೆಯಲ್ಲೇ ಇದ್ದರೂ, ಅರೇಬಿಕಾ ಗಿಡವನ್ನು ಒಳಗಿನಿಂದಲೇ ಕೊರೆದು ಒಣಗಿಸುವ ಬಿಳಿ ಕಾಂಡಕೊರಕದ ಬಗ್ಗೆ ನಿರ್ದಿಷ್ಟವಾಗಿ ಯಾರನ್ನು ಕೇಳಬೇಕೆಂಬುದು ಸಣ್ಣ ಬೆಳೆಗಾರರಿಗೆ ತಿಳಿಯುವುದಿಲ್ಲ.

ನಮಗಿರುವ ದೊಡ್ಡ ತೊಡಕು ಹೆಸರುಗಳದ್ದು. ಒಬ್ಬರೇ ಸಂಶೋಧಕರು ಒಂದು ಪ್ರಬಂಧದಲ್ಲಿ ಊರಿನ ಇನಿಷಿಯಲ್‌ನೊಂದಿಗೆ, ಇನ್ನೊಂದರಲ್ಲಿ ತಂದೆಯ ಹೆಸರಿನೊಂದಿಗೆ ಕಾಣಿಸಿಕೊಳ್ಳುತ್ತಾರೆ. ಒಂದೇ ಹೆಸರಿನ ಇಬ್ಬರೂ ಇರುತ್ತಾರೆ. ಆದ್ದರಿಂದ ಸಂಶೋಧಕರು ಉಚಿತವಾಗಿ ಪಡೆಯಬಹುದಾದ, ಒಬ್ಬೊಬ್ಬರಿಗೂ ಪ್ರತ್ಯೇಕವಾದ, 16 ಸ್ಥಾನಗಳ ಆರ್ಕಿಡ್ (ORCID) ಗುರುತು ಸಂಖ್ಯೆಯನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇವೆ. ಆದರೆ ಅದು ಆರಂಭವಾದದ್ದು 2012ರಲ್ಲಿ. ಅದಕ್ಕೂ ಮೊದಲೇ ನಿವೃತ್ತರಾದ ಹಿರಿಯರು ಈ ಜಾಲಕ್ಕೆ ಸಿಗುವುದು ಕಷ್ಟ, ಮತ್ತು ಅವರ ಅನುಭವವನ್ನು ಬಿಟ್ಟು ಮಾಡುವ ಪಟ್ಟಿ ನನ್ನ ಮಟ್ಟಿಗೆ ಅಪೂರ್ಣವೇ.

ಅಂಥವರನ್ನು ಬಲ್ಲವರು, ಅವರ ಒಪ್ಪಿಗೆ ಪಡೆದ ನಂತರ, ಹೆಸರು, ಸಂಶೋಧನೆಯ ವಿಷಯ ಹಾಗೂ ಕೆಲಸ ಮಾಡಿದ ಸಂಸ್ಥೆಯನ್ನು ದಯವಿಟ್ಟು ಇಲ್ಲಿ ತಿಳಿಸಿ. ಫೋನ್ ನಂಬರ್ ಬೇಡ; ಅದನ್ನು ನಾವು ಪ್ರಕಟಿಸುವುದಿಲ್ಲ. ‘ಕಾಂಡಕೊರಕ’ ಎಂದು ಕನ್ನಡದಲ್ಲಿ ಹುಡುಕಿದರೂ ಇಂಗ್ಲಿಷ್ ವಿವರ ಸಿಗುವಂತೆ ಡೇಟಾಬೇಸ್ ಹೊಂದಿಸಬಲ್ಲವರು ಯಾರಾದರೂ ಇದ್ದರೆ, ವಾರಕ್ಕೆ ಒಂದೆರಡು ಗಂಟೆ ಕೊಟ್ಟರೂ ಸಾಕು.