ಎರಡು ‘ಥೊನ್ನೆ’ಗಳಲ್ಲಿ ‘ಆಗ’ ಯಾವುದು?

ಪ್ರಶ್ನೆ: ಹಳೆಯ ಇಂಗ್ಲಿಷಿನ ಕ್ಯಾಡ್ಮನ್ (ಹಾಡಲು ಬಾರದಿದ್ದು ಆಮೇಲೆ ಕವಿಯಾದ ದನಗಾಹಿ) ಕಥೆಯಲ್ಲಿ ‘ಥೊನ್ನೆ’ ಬೆನ್ನುಬೆನ್ನಿಗೇ ಬರುತ್ತದೆ. ನಿಘಂಟು ನೋಡಿದರೆ ‘ಯಾವಾಗ’ ಎಂದೂ ಇದೆ, ‘ಆಗ’ ಎಂದೂ ಇದೆ. ಕನ್ನಡಕ್ಕೆ ತರುವಾಗ ಯಾವುದನ್ನು ಎಲ್ಲಿ ಹಾಕುವುದು?

ಉತ್ತರ: ಪದವನ್ನು ಬಿಡಿ, ಅದರ ಪಕ್ಕದಲ್ಲಿ ಏನಿದೆ ನೋಡಿ.

‘ಥೊನ್ನೆ ಹೇ ಯೆಸೆಆಹ್ ಥಾ ಹೆಆರ್ಪನ್ ಹಿಮ್ ನೇಆಲೇಚನ್, ಥೊನ್ನೆ ಅರಾಸ್ ಹೇ ಫೊರ್ ಶೊಮೆ...’ (ಔತಣದಲ್ಲಿ ಎಲ್ಲರೂ ಸರದಿಯಂತೆ ಹಾರ್ಪ್ ಎಂಬ ತಂತಿವಾದ್ಯ ಹಿಡಿದು ಹಾಡಬೇಕು. ಅದು ತನ್ನತ್ತ ಬರುವುದನ್ನು ಕಂಡು ಕ್ಯಾಡ್ಮನ್ ನಾಚಿಕೆಯಿಂದ ಏಳುತ್ತಾನೆ.)

ಮೊದಲ ಥೊನ್ನೆಯ ಪಕ್ಕ ಕರ್ತೃ: ‘ಹೇ’ (ಅವನು), ಆಮೇಲೆ ‘ಯೆಸೆಆಹ್’ (ಕಂಡ). ಎರಡನೆಯದರ ಪಕ್ಕ ಕ್ರಿಯಾಪದವೇ ಬಂದು ಕೂತಿದೆ: ‘ಅರಾಸ್’ (ಎದ್ದ), ಆಮೇಲೆ ‘ಹೇ’. ಕ್ರಿಯಾಪದ ಅಂಟಿಕೊಂಡಿದ್ದರೆ ಅದು ‘ಆಗ’. ಕರ್ತೃ ಅಂಟಿಕೊಂಡಿದ್ದರೆ ‘ಕಂಡಾಗ’. ನಡುವಿನ ಅಲ್ಪವಿರಾಮವನ್ನು ನಂಬಬೇಡಿ, ಅದು ಈಗಿನ ಸಂಪಾದಕರು ಹಾಕಿದ್ದು.

ಇದು ಲ್ಯಾಟಿನ್ ಮೂಲದ ನೆರಳೂ ಅಲ್ಲ. ಈ ಕಥೆ ಇಂಗ್ಲೆಂಡಿನ ಸನ್ಯಾಸಿ ಬೀಡ್ 731ರಲ್ಲಿ ಮುಗಿಸಿದ ಲ್ಯಾಟಿನ್ ಗ್ರಂಥದಿಂದ ಅನುವಾದವಾದದ್ದು. ಆ ಗ್ರಂಥದ ಈ ವಾಕ್ಯದಲ್ಲಿ ‘ಉಬಿ’ (ಯಾವಾಗ) ಇದೆ, ಅದಕ್ಕೆ ಜೋಡಿಯಾಗಿ ‘ಆಗ’ ಇಲ್ಲ. ಎರಡನೆಯ ಥೊನ್ನೆ ಅನುವಾದಕನದೇ.

ನಮಗಿದು ಹೊಸತೇನಲ್ಲ. ‘ಆಗ ಕಂಡ’, ‘ಕಂಡಾಗ’: ಎರಡರಲ್ಲೂ ಇರುವುದು ಒಂದೇ ‘ಆಗ’, ಜಾಗ ಬದಲಾದರೆ ಕೆಲಸ ಬದಲು. ಜರ್ಮನ್ನಿನಲ್ಲಿ ಇವತ್ತಿಗೂ ‘ಡಾ ವಾರ್ ಎರ್ ಕ್ರಾಂಕ್’ ಅಂದರೆ ‘ಆಗ ಅವನಿಗೆ ಕಾಯಿಲೆಯಾಗಿತ್ತು’. ‘ಡಾ ಎರ್ ಕ್ರಾಂಕ್ ವಾರ್’ ಅಂದರೆ ‘ಕಾಯಿಲೆಯಾಗಿದ್ದರಿಂದ’.

ಎಡವುವ ಜಾಗಗಳಿವೆ. ‘ಥಾ’ ಪದಕ್ಕೂ ‘ಆಗ’ ಎಂಬ ಅರ್ಥವುಂಟು, ಆದರೆ ಮೇಲಿನ ‘ಥಾ ಹೆಆರ್ಪನ್’ನಲ್ಲಿ ಅದು ‘ಆ ಹಾರ್ಪನ್ನು’ ಎನ್ನುವ ಬರೀ ‘ಆ’. ಇದೇ ವಾಕ್ಯದ ಕೊನೆಯಲ್ಲಿ ‘ಒಂದ್ ಹಾಮ್ ಏಓದೆ’ ಬರುತ್ತದೆ (ಈ ‘ಒಂದ್’ ನಮ್ಮ ಒಂದಲ್ಲ, ‘ಮತ್ತು’). ಅಲ್ಲಿ ‘ಮನೆಗೆ’ ಮೊದಲು, ‘ಹೋದ’ ಆಮೇಲೆ. ಕ್ರಿಯಾಪದ ಹಿಂದೆ ಸರಿದಿದೆಯೆಂದು ಅದನ್ನು ‘ಕಂಡಾಗ’ದಂಥ ಅಧೀನ ವಾಕ್ಯ (ಇನ್ನೊಂದು ವಾಕ್ಯವನ್ನು ಆತುಕೊಂಡದ್ದು) ಅನ್ನುವಂತಿಲ್ಲ. ‘ಒಂದ್’ ಆದಮೇಲೆ ಹೀಗಾಗುವುದು ಮಾಮೂಲು. ಎಲ್ಲ ಕ್ರಿಯಾವಿಶೇಷಣಗಳಿಗೂ ಈ ಪರೀಕ್ಷೆ ಒಡ್ಡಬೇಡಿ. ಹಳೆಯ ಇಂಗ್ಲಿಷಿನ ಗದ್ಯಕಾರ ಏಲ್ಫ್ರಿಕ್‌ನ ‘ಎಫ್ಟೆರ್ ಹಿಸ್ ಯೆಬೆದೆ ಹೇ ಆಹೋಫ್ ಥೆಟ್ ಚಿಲ್ಡ್ ಊಪ್’ (ಪ್ರಾರ್ಥನೆಯ ನಂತರ ಅವನು ಮಗುವನ್ನು ಎತ್ತಿದ) ಪ್ರಧಾನ ವಾಕ್ಯವೇ, ಆದರೂ ‘ಹೇ’ ಕ್ರಿಯಾಪದಕ್ಕಿಂತ ಮುಂದಿದೆ. ಕರ್ತೃ ಸರ್ವನಾಮವಾದರೆ ಹೀಗೆ ನಡುವೆ ನುಸುಳುತ್ತದೆ. ‘ಆಗ’ ಎನ್ನುವ ಥಾ, ಥೊನ್ನೆಗಳಂಥ ಪುಟ್ಟ ಪದಗಳಾದಮೇಲೆ ಮಾತ್ರ ಸಾಮಾನ್ಯವಾಗಿ ಅದಕ್ಕೆ ಜಾಗ ಸಿಗುವುದಿಲ್ಲ. ಪದ್ಯದಲ್ಲಂತೂ ಈ ನಿಯಮವನ್ನು ಅಷ್ಟಾಗಿ ನೆಚ್ಚಬೇಡಿ.

ಇನ್ನು ಅನುವಾದ. ಭೂತಕಾಲದಲ್ಲಿ ‘ಥಾ’ ಒಮ್ಮೆ ನಡೆದದ್ದಕ್ಕೆ, ‘ಥೊನ್ನೆ’ ಮತ್ತೆಮತ್ತೆ ನಡೆದದ್ದಕ್ಕೆ. ಹಾಗಾಗಿ ಇಲ್ಲಿ ‘ಕಂಡಾಗ’ ಸಾಲದು: ‘ಹಾರ್ಪ್ ತನ್ನತ್ತ ಬರುವುದನ್ನು ಕಂಡಾಗಲೆಲ್ಲ ನಾಚಿಕೊಂಡು ಔತಣದಿಂದ ಎದ್ದು ಮನೆಗೆ ಹೋಗಿಬಿಡುತ್ತಿದ್ದ.’ ಎರಡನೆಯ ಥೊನ್ನೆಯನ್ನು ಕೈಬಿಟ್ಟಿದ್ದೇನೆ. ‘ಕಂಡಾಗಲೆಲ್ಲ ಆಗ’ ಎಂದು ಕನ್ನಡದಲ್ಲಿ ಯಾರೂ ಅನ್ನುವುದಿಲ್ಲ.