ಅಂಗಡಿ ಬಿಡಿಸಲು ನೋಟಿಸ್ ಹೇಗೆ ಕೊಡಬೇಕು? ವಕೀಲರಿಗೆ ಕೇಳಿದ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮ ತಂದೆ ಕಟ್ಟಿಸಿದ 12×20 ಅಡಿ ಮಳಿಗೆ ಇದೆ. ಪಾತ್ರೆ ಅಂಗಡಿಯವರು ಬಾಡಿಗೆಗೆ ಇದ್ದಾರೆ. 11 ತಿಂಗಳ ಕರಾರು ಮುಗಿದು ಎರಡು ವರ್ಷ ಆಯ್ತು. ಬಾಡಿಗೆ ಮಾತ್ರ ತಪ್ಪದೆ ಫೋನ್‌ಪೇಗೆ ಬರುತ್ತಿದೆ. ಈಗ ತಮ್ಮನಿಗೆ ಅಂಗಡಿ ಹಾಕಿಕೊಡಬೇಕು. ಮೂರು ಸಲ ಬಾಯಿಮಾತಲ್ಲಿ ಹೇಳಿದೆವು, "ಹಬ್ಬ ಕಳೀಲಿ" ಅಂತಾರೆ. ವಾಟ್ಸಾಪ್‌ನಲ್ಲೂ ಹಾಕಿದ್ದೇನೆ, ನೀಲಿ ಟಿಕ್ ಬಿದ್ದಿದೆ. ಸಾಕಲ್ವಾ? ಬೀಗ ಜಡಿದುಬಿಡಿ ಅಂತ ನೆಂಟರು ಹೇಳುತ್ತಿದ್ದಾರೆ.

ವಕೀಲರು: ಮೊದಲು ಬೀಗದ ಯೋಚನೆ ಬಿಡಿ. ಕೋರ್ಟಿನ ಆದೇಶವಿಲ್ಲದೆ ಹೊರಗೆ ಹಾಕಿದರೆ ಅವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಅಲ್ಲಿ "ಕಟ್ಟಡ ನನ್ನದು" ಅನ್ನುವ ಮಾತು ನಡೆಯುವುದಿಲ್ಲ. ಕರೆಂಟ್ ತೆಗೆಸುವುದೂ ಬೇಡ.

ಕರಾರು ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಂಡಿದ್ದೀರಿ. ಹಾಗಾಗಿ ಅವರು ಈಗ ತಿಂಗಳ ಬಾಡಿಗೆದಾರರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಡಬೇಕು. ಅದು ಬರಹದಲ್ಲಿರಬೇಕು, ಸಹಿ ಇರಬೇಕು. ನೀಲಿ ಟಿಕ್ ನಂಬಿಕೊಂಡು ದಾವೆಗೆ ಹೋಗಬೇಡಿ. ನಾನಾದರೆ 30 ದಿನ ಕೊಡುತ್ತೇನೆ. ತುಂಬಿದ ಅಂಗಡಿ, ಪಾತ್ರೆ ಸಾಗಿಸಲು ಅವರಿಗೂ ಟೈಮ್ ಬೇಕಲ್ವಾ?

ಕರಾರಿನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಸಿ. ಮಳಿಗೆಯ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ ಹಾಕಿಸಿ. ತಂದೆ ಈಗ ಇಲ್ಲದಿದ್ದರೆ ವಾರಸುದಾರರೆಲ್ಲ ಸೇರಿ ಕೊಡುವುದೇ ಒಳ್ಳೆಯದು. ಅಡ್ವಾನ್ಸ್ ಎಷ್ಟಿದೆ, ಬೀಗದ ಕೈ ಕೊಟ್ಟ ದಿನ ಹೇಗೆ ವಾಪಸ್ ಕೊಡುತ್ತೀರಿ ಅಂತಲೂ ಬರೆಯಿರಿ. ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಪೋಸ್ಟ್ ತೆಗೆದುಕೊಳ್ಳದಿದ್ದರೆ?

ವಕೀಲರು: ಅಂಗಡಿಗೂ ಮನೆಗೂ ಎರಡು ಕಡೆ ಕಳಿಸಿ. ಸರಿಯಾದ ವಿಳಾಸಕ್ಕೆ ಹೋದ ಕವರ್ ಮೇಲೆ "ತೆಗೆದುಕೊಳ್ಳಲು ನಿರಾಕರಿಸಿದರು" ಅಂತ ಪೋಸ್ಟ್‌ಮ್ಯಾನ್ ಬರೆದರೆ, ಕೋರ್ಟ್ ಸಾಮಾನ್ಯವಾಗಿ ಅದನ್ನು ತಲುಪಿದಂತೆಯೇ ನೋಡುತ್ತದೆ. ಆ ಕವರ್ ಒಡೆಯಬೇಡಿ! ಹಾಗೇ ತಂದುಕೊಡಿ.

ಯಾವ ದಾರಿಯೂ ಆಗದಿದ್ದರೆ ಮಳಿಗೆಗೆ ಅಂಟಿಸಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಷಟರ್ ಮೇಲೆ ಅಂಟಿಸಬೇಡಿ. ಬೆಳಿಗ್ಗೆ ಷಟರ್ ಎತ್ತಿದರೆ ಕಾಗದ ಸುತ್ತಿಕೊಂಡು ಮೇಲೆ ಹೋಗುತ್ತದೆ. ಪಕ್ಕದ ಗೋಡೆಗೆ ಅಂಟಿಸಿ, ಅಂಗಡಿಯ ಬೋರ್ಡೂ ಕಾಣುವಂತೆ ಫೋಟೊ ತೆಗೆಯಿರಿ.

ಪ್ರಶ್ನೆ: ನೋಟಿಸ್ ಆದಮೇಲೆ ಬಾಡಿಗೆ ಹಾಕಿದರೆ?

ವಕೀಲರು: ಸುಮ್ನೆ ಇಟ್ಟುಕೊಳ್ಳಬೇಡಿ. ನೋಟಿಸ್ ಕೈಬಿಟ್ಟಿದ್ದೀರಿ ಅಂತ ವಾದ ಬರುತ್ತದೆ. "ನೋಟಿಸಿಗೆ ಬಾಧೆ ಇಲ್ಲದಂತೆ, ಜಾಗ ಬಳಸಿದ್ದಕ್ಕೆ ಪರಿಹಾರವಾಗಿ ಪಡೆದಿದ್ದೇವೆ" ಅಂತ ಅವತ್ತೇ ಬರೆದು ಕಳಿಸಿ.

ಇನ್ನೊಬ್ಬ ಸದಸ್ಯರು: ಸರ್, ನಮ್ಮ ಜಾಗ ಮಂಡಕ್ಕಿ ಭಟ್ಟಿಗೆ ಕೊಟ್ಟಿದ್ದೇವೆ. ನಮಗೂ 15 ದಿನ ಸಾಕಾ?

ವಕೀಲರು: ಒಳ್ಳೆಯ ಪ್ರಶ್ನೆ. ಭಟ್ಟಿಯಲ್ಲಿ ಮಾಲು ತಯಾರಾಗುತ್ತದೆ. ತಯಾರಿಕೆಗೆ ಕೊಟ್ಟ ಜಾಗಕ್ಕೆ ಅದೇ ಕಲಂ ಆರು ತಿಂಗಳು ಹೇಳುತ್ತದೆ. ಕರಾರಿನಲ್ಲಿ ಬೇರೆ ಷರತ್ತು ಇರಬಹುದು. ಕಾಗದ ತೋರಿಸದೆ ನೋಟಿಸ್ ಕಳಿಸಬೇಡಿ.

ಮತ್ತೊಬ್ಬ ಸದಸ್ಯರು: ನಮ್ಮದು 10×12ರ ಚಿಕ್ಕ ಬೀಡಾ ಅಂಗಡಿ.

ವಕೀಲರು: ಅದು ಬೇರೆ ದಾರಿ. 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿವರೆಗಿನ ಅಂಗಡಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸಬಹುದು. ಅಲ್ಲಿ ಬರೀ ನೋಟಿಸ್ ಸಾಲದು, ಬಿಡಿಸಲು ಕಾಯ್ದೆ ಒಪ್ಪುವ ಕಾರಣ ತೋರಿಸಬೇಕು. ಬಾಡಿಗೆ ಎಷ್ಟು ಅಂತಲೂ ತಿಳಿಸಿ, ನೋಡೋಣ.